ಮೂರನೆಯ ಚಿಟಿಕೆ

ಬೆನ್ನ ಹಿಂದೆ ಯಾರೋ ಚಿಟಿಕೆ ಹೊಡೆದರು. ಹೀರಾ ತಿರುಗಲಿಲ್ಲ. ತಿರುಗಬಾರದೆಂದು ಮನೆಯಿಂದ ಹೊರಡುವಾಗಲೇ ನಿಶ್ಚಯಿಸಿಕೊಂಡಿದ್ದಳು. ಆದರೂ ಕತ್ತಿನ ಹಿಂಭಾಗದ ಒಂದು ನರ ಅವಳ ಅಪ್ಪಣೆ ಕೇಳದೆ ಬಿಗಿಯಿತು, ಆ ಬಿಗಿತವನ್ನು ಕಾರವಾರದ ಮೀನುಪೇಟೆಯ ಇಡೀ ಸಾಲು ಕಂಡಿತೆಂದು ಅವಳಿಗೆ ಅನ್ನಿಸಿತು. ಅವಳ ಮುಂದಿನ ಕಟ್ಟೆ ಖಾಲಿಯಾಗಿತ್ತು. ತೊಳೆದು ಒರೆಸಿದ ಕಲ್ಲಿನ ಮೇಲೆ ಕತ್ತಿ, ತಕ್ಕಡಿ, ಕರಗುತ್ತಿರುವ ಮಂಜುಗಡ್ಡೆಯ ಒಂದು ಹೆಂಟೆ, ಮೀನಿಲ್ಲ. ಇಷ್ಟು ವರ್ಷ ಭಾವ ಮಾಬ್ಲೇಶ್ವರನ ಬೋಟಿನ ಮೊದಲ ಕ್ರೇಟು ಇಳಿಯುತ್ತಿದ್ದುದು ಈ ಕಲ್ಲಿನ ಮೇಲೆ. ಇವತ್ತು ಅದನ್ನು ಹೊತ್ತು ತಂದವನು ಅವಳ ಮುಖ ನೋಡದೆ ಮುಂದೆ ಹೋಗಿ ಪಕ್ಕದ ಲತಾಳ ಮುಂದೆ ಇಳಿಸಿದ್ದ. ಮೀನಿಲ್ಲದ ಕಟ್ಟೆಯ ಹಿಂದೆ ಕೂತ ಹೆಂಗಸು ಎಷ್ಟು ಬೆತ್ತಲೆಯಾಗಿ ಕಾಣುತ್ತಾಳೆಂಬುದು ಅವಳಿಗೆ ಮೊದಲ ಸಲ ತಿಳಿಯಿತು. ಎದ್ದು ಹೋಗಬಹುದಿತ್ತು. ಹೋಗಲಿಲ್ಲ. ಖಾಲಿ ಕಲ್ಲಿಗೆ ನೀರು ಚಿಮುಕಿಸಿದಳು, ಮೀನಿದ್ದಾಗ ಚಿಮುಕಿಸುವ ಹಾಗೆಯೇ.

"ನಿದ್ದೆ ಬಂತೇನೇ ಹೀರಾ?" ಲತಾ ಬಂಗಡೆಗಳನ್ನು ಸಾಲಾಗಿ ಜೋಡಿಸುತ್ತ ಕೇಳಿದಳು. "ಕಟ್ಟೆ ಹ್ಯಾಗೂ ಖಾಲಿ ಇದೆ, ಮಲಕ್ಕೋ ಮಾರಾಯ್ತಿ. ಚಿಟಿಕೆ ಹೊಡೆದು ಎಬ್ಸೂಕೆ ನಾವೆಲ್ಲ ಇದ್ದೇವಲ್ಲ."

"ನೀ ಮೊದ್ಲು ಆ ಬಂಗಡೆ ಕಣ್ಣು ನೋಡು. ನಿನ್ನೆ ಹಿಡಿದದ್ದು ಅದು. ನನ್ನ ಕಣ್ಣು ಆಮೇಲೆ ನೋಡ್ವಿಯಂತೆ."

ಸಾಲು ನಕ್ಕಿತು. ಲತಾ ಕೂಡ ನಕ್ಕಳು. ಆಮೇಲೆ ಗಿರಾಕಿ ದೂರವಾದ ಮೇಲೆ ದನಿ ಇಳಿಸಿದಳು. "ಸಿಟ್ಟಾಗ್ಬೇಡ್ವೇ. ಸಂಜೆ ಬಲೆ ಚಪ್ಪರದಲ್ಲಿ ಎಲ್ಲರನ್ನೂ ಕೂಡ್ಸಿದ್ದಾರಂತೆ. ನಿದ್ದೇಲಿ ಆಡಿದ ಮಾತು, ನಂಗೆ ನೆನಪೇ ಇಲ್ಲ ಅಂತ ಒಂದ್ ಮಾತು ಹೇಳ್ಬಿಡು. ನಾಳೆ ಕ್ರೇಟು ನಿನ್ನ ಕಟ್ಟೆಗೇ ಬತ್ತದೆ. ನಂಗೂ ಇದು ಸಮ ಕಾಣೂದಿಲ್ಲ."

ಒಂದು ಮಾತು. ಭಾನುವಾರ ಸಂಜೆ ಕೋಡಿಬಾಗದ ಯುವಕ ಸಂಘದ ವೇದಿಕೆಯ ಮೇಲೆ ಅವಳನ್ನೂ ಇನ್ನು ಕೆಲವರನ್ನೂ ಕುರ್ಚಿ ಹಾಕಿ ಕೂರಿಸಿದ್ದಾಗಲೂ ಎಲ್ಲ ಹೀಗೇ ಹಗುರವಾಗಿತ್ತು. ಅಂಕೋಲೆಯಿಂದ ಬಂದಿದ್ದ ಸಮ್ಮೋಹನಕಾರ ಸುಜಯ ನಾಯಕ, ಕಪ್ಪು ಕೋಟಿನ ತೋಳು ಬೆರಳಿನವರೆಗೆ ಇಳಿಬಿದ್ದಿದ್ದ ಆ ಸಣಕಲು ಮನುಷ್ಯ, ಮೈಕು ಹಿಡಿದು ತನ್ನ ವಿದ್ಯೆಯ ವಂಶಾವಳಿ ಹೇಳಿದ್ದ: ಯುರೋಪಿನ ಒಬ್ಬ ವೈದ್ಯ ರೋಗಿಗಳ ಮೈಮೇಲೆ ಅಯಸ್ಕಾಂತ ಸವರುತ್ತಿದ್ದನಂತೆ, ಬರಿಗೈಯಲ್ಲಿ ಸವರಿದರೂ ಅವರು ಗುಣವಾಗತೊಡಗಿದರಂತೆ, ಆಮೇಲೆ ಬಂಗಾಳದಲ್ಲಿ ಒಬ್ಬ ಬಿಳಿಯ ಸರ್ಜನ್ ರೋಗಿಗಳನ್ನು ಮಂಪರಿಗೆ ಕಳಿಸಿ, ನೋವಿನ ಸೊಲ್ಲಿಲ್ಲದೆ ಗಡ್ಡೆ ಕೊಯ್ದನಂತೆ. "ಇದು ನಿದ್ದೆಯಲ್ಲ, ನಿದ್ದೆಯ ತಂಗಿ," ಎಂದಿದ್ದ. ಜನ ಸಿಳ್ಳೆ ಹಾಕಿದ್ದರು. ಮೊದಲ ಸಾಲಿನಲ್ಲಿ ಶಾಲು ಹೊದ್ದು ಕೂತಿದ್ದ ಮುಖ್ಯ ಅತಿಥಿ ಮಾಬ್ಲೇಶ್ವರನೇ ಹಿಂತಿರುಗಿ ಕರೆದಿದ್ದ: "ಹೋಗೇ ಹೀರಾ, ಹತ್ತು ಮೇಲೆ. ಸ್ವಲ್ಪ ನಗು. ನೀ ನಕ್ಕು ವರ್ಷ ಆಯ್ತು." ಅವನ ಮಾತಿನಲ್ಲಿ ಕಪಟವಿರಲಿಲ್ಲ. ವರ್ಷದ ಹಿಂದೆ ತನ್ನ ಬೋಟಿನಿಂದ ಬಿದ್ದು ಸತ್ತ ತಮ್ಮನ ಹೆಂಡತಿಯ ಮೇಲೆ ಅವನಿಗೆ ಕನಿಕರವಿತ್ತು. ಆ ಕನಿಕರವೇ ಅವಳ ಗಂಟಲಲ್ಲಿ ಇಷ್ಟು ದಿನ ಮುಳ್ಳಿನಂತೆ ನಿಂತಿದ್ದುದು.

ನೀವೀಗ ದೋಣಿಯಲ್ಲಿದ್ದೀರಿ, ಹುಟ್ಟು ಹಾಕಿ ಎಂದಿದ್ದ ಸುಜಯ. ಅವಳು ಹುಟ್ಟು ಹಾಕಿದ್ದಳು. ಕೈ ತಾನಾಗಿ ಎದ್ದಿತೋ, ಏಳಲೆಂದು ತಾನೇ ಅದನ್ನು ಬಿಟ್ಟುಕೊಟ್ಟಳೋ, ಈಗಲೂ ಸ್ಪಷ್ಟವಿಲ್ಲ. ಆದರೆ ಡೀಸೆಲ್ಲಿನ ವಾಸನೆ ಬಂದದ್ದು ನಿಜ, ಹಲಗೆಯ ಕೆಳಗೆ ನೀರು ಉಸಿರಾಡಿದ್ದು ನಿಜ. ಕೆಳಗೆ ಜನರ ನಗೆ ತೆರೆಯ ಹಾಗೆ ಬಂದು ಹಿಂದೆ ಸರಿಯುತ್ತಿತ್ತು. ಮೂರನೆಯ ಚಿಟಿಕೆಗೆ ಎಲ್ಲರೂ ಕಣ್ಣು ತೆರೆಯುತ್ತೀರಿ ಎಂದ ಅವನು. ಒಂದು. ಎರಡು. ಮೂರು. ಅವಳು ಕೇಳಿದಳು. ಕಣ್ಣು ತೆರೆದಳು. ದೀಪಗಳ ಝಳದಲ್ಲಿ ಮೊದಲು ಕಂಡದ್ದು ಮಾಬ್ಲೇಶ್ವರನ ನಗುತ್ತಿದ್ದ ಬಾಯಿ. ಅದರ ಒಳಗಿನ ಕತ್ತಲು. ಕುರ್ಚಿಗಳಿಂದ ಉಳಿದವರು ನಾಚಿಕೊಂಡು ಏಳುತ್ತಿದ್ದರು, ಚಪ್ಪಾಳೆ ಶುರುವಾಗಿತ್ತು. ಆಗ ಅವಳು ಮತ್ತೆ ಕಣ್ಣು ಮುಚ್ಚಿದಳು. ಯಾರೂ ಮುಚ್ಚಿಸಲಿಲ್ಲ. ಮುಚ್ಚಿದ ರೆಪ್ಪೆಯ ಹಿಂದೆ ಅಡಗಿ, ತನ್ನದೇ ಅಲ್ಲವೆನ್ನಿಸುವ ದನಿಯಲ್ಲಿ ಕೂಗಿದಳು: "ಬಲೆ ಕಡಿ ಮಾಬ್ಲೇಶಾ! ಅಂವ ನೀರಲ್ಲಿದ್ದಾನೆ! ಬಲೆ ಕಡಿ!"

ಕಾರವಾರದ ಅರ್ಧ ಊರಿನ ಮೊಬೈಲಿನಲ್ಲಿ ಈಗ ಆ ವಿಡಿಯೋ ಇದೆ. ಚಿಟಿಕೆಯ ಸದ್ದು ಅದರಲ್ಲಿ ಚಪ್ಪಾಳೆಯೊಳಗೆ ಮುಳುಗಿಹೋಗಿದೆ. ಅವಳು ಕೂಗಿದ್ದು ಮೂರನೆಯ ಚಿಟಿಕೆಯ ನಂತರ ಎಂಬುದು ಇಬ್ಬರಿಗೆ ಮಾತ್ರ ಗೊತ್ತು: ಅವಳಿಗೆ, ಚಿಟಿಕೆ ಹೊಡೆದವನಿಗೆ.

ಗಂಡ ಬೀರಾ ಸಮುದ್ರದಿಂದ ಮರಳದ ಆ ಬೆಳಿಗ್ಗೆಯೂ ಈ ಕಲ್ಲಿನ ಮೇಲೆ ಬಂಗಡೆ ಇಳಿದಿತ್ತು. ಬಲೆ ಬೋಟಿನ ಮೇಲೆ ಬಂದು ಮೀನು ಸುರಿದ ಕೂಡಲೇ, ಬೇರೆ ಕೆಲಸಕ್ಕೆಲ್ಲ ಮೊದಲು, ಆಳುಗಳು ತಂತಮ್ಮ ಮನೆಯ ಸಾರಿನ ಮೀನು ಆರಿಸಿಕೊಳ್ಳುತ್ತಾರೆ. ಕಿವಿರಿನಿಂದ ದಾರ ತೂರಿಸಿ ಗೊಂಚಲು ಕಟ್ಟುತ್ತಾರೆ. ಪ್ರತಿಯೊಬ್ಬನ ಗಂಟೂ ಬೇರೆ. ಬೀರಾ ಹರಿದ ಬಲೆಯ ನೀಲಿ ನೂಲಿನಲ್ಲಿ ಕಟ್ಟಿ, ಹೆಂಡತಿಯ ಬೆರಳಿಗೆ ಸಿಕ್ಕಿಸುವಷ್ಟು ಒಂದು ಕುಣಿಕೆ ಬಿಟ್ಟು, ಮೊದಲ ಕ್ರೇಟಿನ ಮೂಲೆಯಲ್ಲಿ ಮಂಜಿನ ಕೆಳಗೆ ಇಡುತ್ತಿದ್ದ. ಮದುವೆಯಾದಂದಿನಿಂದ ಒಂದು ದಿನವೂ ತಪ್ಪಿಸಿದವನಲ್ಲ. ಜಗಳವಾಡಿ ಹೋದ ದಿನ ಕೂಡ ಗೊಂಚಲು ಬರುತ್ತಿತ್ತು, ಮೀನು ಮಾತ್ರ ಸಣ್ಣವು. ಆ ಬೆಳಿಗ್ಗೆ ಅವಳು ಮಂಜಿನೊಳಗೆ ಮೊಣಕೈವರೆಗೆ ತಡಕಿದಳು. ಇರಲಿಲ್ಲ. ಯಾವಳಿಗೆ ಕೊಟ್ಟೆಯೋ, ಬಾ ಮನೆಗೆ, ಇವತ್ತು ಬರೀ ಅನ್ನ ಉಣ್ಣು ಎಂದು ಮನಸ್ಸಿನಲ್ಲೇ ಬೈದಳು; ಬೈಯುತ್ತ ಆ ಕ್ರೇಟಿನ ಕೊನೆಯ ಮೀನಿನವರೆಗೂ ಕೂಗಿ ಕೂಗಿ ಮಾರಿದಳು. ತಾಜಾ ಬಂಗಡೆ, ಈಗಷ್ಟೇ ಬಂದದ್ದು. ಪೇಟೆ ಮುಗಿದ ಮೇಲೆ ಅವಳನ್ನು ಮನೆಗೆ ಕರೆದುಕೊಂಡು ಹೋಗಿ ಹೇಳಿದರು. ಬಂದರಿಗೆ ಮರಳುವಾಗ, ದೇವಗಡದ ದೀಪಸ್ತಂಭ ದಾಟಿದ ಮೇಲೆ, ಕಾಲು ಜಾರ್ತು, ತೆರೆ ಬಡೀತು, ಕಣ್ಣು ಮುಚ್ಚಿ ತೆರೆಯೂದ್ರಲ್ಲಿ ಇಲ್ಲ. ಮರಳುವಾಗ ಬಿದ್ದವನಾದರೆ ಗೊಂಚಲು ಇರಬೇಕಿತ್ತು. ಗೊಂಚಲಿಲ್ಲವೆಂದರೆ ಮೀನು ಮೇಲೆ ಬಂದಾಗ ಬೀರಾ ಬೋಟಿನಲ್ಲಿರಲಿಲ್ಲ. ನೀರಿನೊಳಗಿನ ಬಲೆ ಬಿಗಿದು ಹಿಡಿದಿರುವಾಗ ಬೋಟು ತಿರುಗಲಾರದು. ಮನುಷ್ಯ ಬಿದ್ದರೆ ಬಲೆ ಕಡಿಯಬೇಕು, ಮೀನನ್ನೂ ಬಲೆಯನ್ನೂ ಸಮುದ್ರಕ್ಕೆ ಬಿಡಬೇಕು. ಬಿಟ್ಟಿರಲಿಲ್ಲ. ಆ ಮೀನನ್ನು ಅವಳೇ ಮಾರಿದ್ದಳು.

ಮನೆಗೆ ಬಂದಾಗ ಅತ್ತೆ ಕಾಶಿ ಹೊಸ್ತಿಲ ಮುಂದೆ ಚಾಪೆಯ ಮೇಲೆ ಒಣಮೀನು ಹರವುತ್ತಿದ್ದಳು. ಆಚೆ ಕಾಳಿ ನದಿಯಲ್ಲಿ ಕುಸಿದ ಹಳೆಯ ಸೇತುವೆಯ ಕಂಬಗಳು ಬಿಸಿಲಿಗೆ ಬೆಳ್ಳಗೆ ನಿಂತಿದ್ದವು. ಅತ್ತೆ ಸೊಸೆಯರು ಭಾನುವಾರದಿಂದ ಮಾತಾಡಿರಲಿಲ್ಲ.

"ಸಂಜೆ ಅಂಕೋಲೆಯಂವ ಬತ್ತಾನಂತೆ," ಕಾಶಿ ಮುಖವೆತ್ತದೆ ಹೇಳಿದಳು. "ಎಲ್ಲರ ಮುಂದೆ ನಿನ್ನ ಇನ್ನೊಂದ್ಸಲ ಮಲಗಿಸ್ತಾನೆ. ಆ ಮಾತು ನಿನ್ನ ತಲೆಯಿಂದ ತೆಗೀತಾನೆ. ಮಾಬ್ಲೇಶ ಒಪ್ಸಿದ್ದಾನೆ."

"ಹಲ್ಲು ಕಿತ್ತ ಹಾಗಾ ಆಯಿ?"

"ನಗಾಡ್ಬೇಡ. ನನ್ನ ಮೈಮೇಲೆ ದೇವಿ ಬರ್ತಿದ್ಲು, ನಿಂಗೊತ್ತಿಲ್ವಾ? ಒಂದ್ಸಲ ಮಾವನ ಎದೆಗೆ ಒದ್ದಿದ್ದೆ. ನನ್ನ ದಿನಾ ಹೊಡಿತಿದ್ದ ಮುದುಕ, ಕಾಲಿಗೆ ಬಿದ್ದ. ಮರುದಿನ ಅದೇ ಮಾವಂಗೆ ಚಾ ಮಾಡಿ ಕೊಟ್ಟೆ. ನಂಗೇನೂ ಗೊತ್ತಿಲ್ಲ, ಅವಳು ಮಾಡಿದ್ದು ಅಂದೆ. ಹಾಗಂದದ್ದಕ್ಕೇ ಈ ಮನೇಲಿ ಬದುಕಿದೆ. ನೀನೂ ಅನ್ನು."

"ಒದ್ದಾಗ ನಿಮ್ಗೆ ಎಚ್ಚರ ಇತ್ತಾ?"

ಕಾಶಿ ಒಂದು ಮೀನನ್ನು ಮಗುಚಿದಳು, ಮತ್ತೆ ಅದನ್ನೇ ಮಗುಚಿದಳು. "ಒಬ್ಬ ಮಗ ಹೋದ," ಎಂದಳು ಕೊನೆಗೆ. "ಉಳಿದ ಒಬ್ಬನ್ನ ನಂಗೆ ಬಿಡು ಹೀರಾ."

ಹೀರಾ ಹೊಸ್ತಿಲು ದಾಟಲಿಲ್ಲ. ಚಿಟಿಕೆ ಹೊಡೆದವನನ್ನೇ ಕೇಳಬೇಕೆಂದು ಅಂಕೋಲೆಯ ಬಸ್ಸು ಹತ್ತಿದಳು. ಬಿಣಗಾದ ಸುರಂಗದೊಳಗೆ ಬಸ್ಸು ನುಗ್ಗಿದಾಗ ಕಿಟಕಿಯ ಗಾಜು ಕನ್ನಡಿಯಾಗಿ ಅವಳ ಮುಖವನ್ನು ಅವಳಿಗೇ ತೋರಿಸಿತು: ಕಣ್ಣು ತೆರೆದಿದ್ದ ಮುಖ. ಇದನ್ನು ನೋಡಿದವರು ಎಚ್ಚರವಿದೆ ಎನ್ನುತ್ತಾರೆ. ಕಣ್ಣು ತೆರೆದುಕೊಂಡೇ ಒಂದು ವರ್ಷ ಅಡುಗೆ ಮಾಡಿದ್ದಾಳೆ, ಮೀನು ಮಾರಿದ್ದಾಳೆ, ಮಾಬ್ಲೇಶ್ವರನಿಗೆ ಬಡಿಸಿದ್ದಾಳೆ. ಸುರಂಗದ ಬಾಯಿ ಬೆಳಕಾಗಿ ಹತ್ತಿರ ಬಂದು ಮುಖವನ್ನು ಅಳಿಸಿಹಾಕಿತು.

ಸುಜಯ ನಾಯಕನ ಚಿಕಿತ್ಸಾಲಯವೆಂದರೆ ಅವನ ಹೆಂಡತಿ ರಕ್ಷಿತಾಳ ಟೇಲರಿಂಗ್ ಅಂಗಡಿಯ ಹಿಂದಿನ ಕೋಣೆ. ಗೋಡೆಯ ಮೇಲೆ ಬೀಡಿ ಬಿಡಿಸುವ, ಪರೀಕ್ಷೆಯ ಭಯ ಹೋಗಿಸುವ, ಹೆರಿಗೆಯ ನೋವು ತಗ್ಗಿಸುವ ಭರವಸೆಗಳ ಬೋರ್ಡು. ಮೂಲೆಯಲ್ಲಿ ಹೊಲಿಯದ ರವಿಕೆಗಳ ರಾಶಿ. ಕೋಟಿಲ್ಲದೆ ಅವನು ಇನ್ನೂ ಸಣ್ಣವನಾಗಿ ಕಂಡ. ಅವಳನ್ನು ನೋಡಿದವನೇ ಎದ್ದು ನಿಂತ, ತಪ್ಪು ಮಾಡಿ ಸಿಕ್ಕಿಬಿದ್ದವನ ಹಾಗೆ.

"ಮೂರನೇ ಚಿಟಿಕೆ ಹೊಡೆದ್ರೋ ಇಲ್ಲೋ?" ಅವಳು ಕೂರದೆ ಕೇಳಿದಳು.

"ಹೊಡೆದೆ."

"ನಾ ಎದ್ದಿದ್ದೆ."

"ಗೊತ್ತು," ಅವನು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದ. "ಮಂಪರಲ್ಲಿದ್ದವರ ರೆಪ್ಪೆ ಸಣ್ಣಗೆ ಅದುರ್ತದೆ. ನೀವು ಬಿಗಿಯಾಗಿ ಮುಚ್ಕಂಡಿದ್ರಿ, ಮದ್ದು ಕುಡಿಯೂ ಮಕ್ಕಳ ಹಾಗೆ. ಆದ್ರೆ ಅಕ್ಕೋರೆ, ಅದು ನಮ್ಮಿಬ್ಬರಲ್ಲೇ ಇರಲಿ. ನಿಮ್ಗೆ ಎಚ್ಚರ ಇತ್ತು ಅಂದ್ರೆ ನನ್ನ ಆಟ ಸುಳ್ಳು ಅಂತಾರೆ. ಎಚ್ಚರ ಇರಲಿಲ್ಲ ಅಂದ್ರೆ ನಿಮ್ಮ ಮನೆ ಉಳೀತದೆ. ಇಬ್ಬರಿಗೂ ಒಳ್ಳೇದು. ಸಂಜೆ ಬತ್ತೆ, ಎರಡು ನಿಮಿಷ ಕಣ್ಣು ಮುಚ್ಚಿ ಕೂತ್ಕಳಿ, ಸಾಕು."

"ನಿಜವಾಗ್ಲೂ ತೆಗೀಬಹುದಾ? ತಲೆಯಿಂದ?"

ಸುಳ್ಳು ಹೇಳಬೇಕಾದ ಜಾಗದಲ್ಲಿ ತನ್ನ ವಿದ್ಯೆಯ ಮೇಲಿನ ಪ್ರೀತಿ ಅವನನ್ನು ತಡೆಯಿತು. "ನೀವು ಬಿಟ್ಟುಕೊಟ್ಟರೆ ಸ್ವಲ್ಪ ಮಸುಕಾಗಬಹುದು. ನಾ ಯಾರನ್ನೂ ಮಲಗಿಸೂದಿಲ್ಲ ಅಕ್ಕೋರೆ. ಅವರೇ ಹೋಗ್ತಾರೆ, ನಾ ಬಾಗಿಲು ತೋರಿಸ್ತೆ ಅಷ್ಟೆ. ಅಯಸ್ಕಾಂತ, ಲೋಲಕ, ಚಿಟಿಕೆ, ಎಲ್ಲ ಬರೀ ಶೋಕಿ. ಒಂದೇ ಮಾತು, ಒಂದೇ ದನಿ, ಮತ್ತೆ ಮತ್ತೆ. ಕೇಳೂ ಮನುಷ್ಯ ದಣಿದಿರಬೇಕು, ಇಲ್ಲಾ ಹೆದರಿರಬೇಕು, ಇಲ್ಲಾ ಹೇಳುವವನ್ನ ನಂಬಿರಬೇಕು. ಮೂರೂ ಇದ್ರೆ ಚಿಟಿಕೆನೂ ಬ್ಯಾಡ."

ಮರಳುವ ಬಸ್ಸಿನಲ್ಲಿ, ಅವರ್ಸಾ ದಾಟುವಾಗ, ಆ ಮಾತು ಅವಳೊಳಗೆ ತನ್ನ ಜಾಗ ಹುಡುಕಿಕೊಂಡಿತು. ಒಂದೇ ಮಾತು, ಒಂದೇ ದನಿ. ಸೂತಕದ ದಿನಗಳಲ್ಲಿ ಬೋಟಿನ ಆಳುಗಳು ಒಬ್ಬೊಬ್ಬರಾಗಿ ಬಂದು ಅವಳ ಮುಂದೆ ಕುಕ್ಕುರುಗಾಲಲ್ಲಿ ಕೂತು ಹೇಳಿದ್ದರು: ಕಾಲು ಜಾರ್ತು, ತೆರೆ ಬಡೀತು, ಕಣ್ಣು ಮುಚ್ಚಿ ತೆರೆಯೂದ್ರಲ್ಲಿ ಇಲ್ಲ. ಸಂದೀಪ ಹೇಳಿದ್ದ, ತಲೆ ತಗ್ಗಿಸಿ. ಉಳಿದವರು ಹೇಳಿದ್ದರು. ಮಾಬ್ಲೇಶ್ವರ ಅವಳ ತಲೆಯ ಮೇಲೆ ಕೈಯಿಟ್ಟು ಹೇಳಿದ್ದ. ಬೇರೆ ಬೇರೆ ಗಂಡಸರು, ಶಬ್ದ ಒಂದೂ ಆಚೀಚೆಯಾಗಿರಲಿಲ್ಲ. ಅವಳು ದಣಿದಿದ್ದಳು. ಹೆದರಿದ್ದಳು. ನಂಬಿದ್ದಳು. ಕೊನೆಗೆ ಸಾಂತ್ವನ ಹೇಳಲು ಬಂದವರಿಗೆ ಅವಳೇ ಅದನ್ನು ಹೇಳತೊಡಗಿದ್ದಳು, ಅದೇ ಕ್ರಮದಲ್ಲಿ. ಹೇಳಿದಾಗಲೆಲ್ಲ ಮಂಜಿನೊಳಗೆ ತಡಕಿದ ಕೈ ಇನ್ನಷ್ಟು ಮರಗಟ್ಟುತ್ತಿತ್ತು. ಮುಂದಿನ ಸೀಟಿನ ಹೆಂಗಸು ತಿರುಗಿ ನೋಡಿದಳು. ಹೀರಾ ಗಟ್ಟಿಯಾಗಿ ನಕ್ಕುಬಿಟ್ಟಿದ್ದಳು.

ಬಲೆ ಚಪ್ಪರದಲ್ಲಿ ಇನ್ನೂ ಬಿಸಿಲಿತ್ತು. ನದಿಯ ದಂಡೆಗೆ ಮುಖಮಾಡಿದ ಆ ತಗಡಿನ ಮಾಡಿನ ಕೆಳಗೆ, ಮಡಚಿ ಒಟ್ಟಿದ ನೀಲಿ ಬಲೆಯ ಗುಡ್ಡದ ಸುತ್ತ ಜನ ಸೇರಿದ್ದರು. ಆಳುಗಳು ಒಂದು ಕಡೆ, ಪೇಟೆಯ ಹೆಂಗಸರು ಇನ್ನೊಂದು ಕಡೆ. ನಡುವೆ ಎದುರುಬದುರಾಗಿ ಎರಡು ಪ್ಲಾಸ್ಟಿಕ್ ಕುರ್ಚಿ. ಸುಜಯ ನಾಯಕ ಕೋಟು ಹಾಕಿಕೊಂಡು ಬಂದಿದ್ದ. ಕಾಶಿಯನ್ನು ಬಲೆಯ ಮೇಲೆಯೇ ಕೂರಿಸಿದ್ದರು.

"ಹೀರಾ ನಮ್ಮ ಮನೆ ಹೆಣ್ಣು," ಮಾಬ್ಲೇಶ್ವರ ಶುರುಮಾಡಿದ. ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. "ಅವಳ ಮೇಲೆ ನಂದು ಏನೂ ತಕರಾರಿಲ್ಲ. ದುಃಖ ತಲೆಗೆ ಹತ್ತಿದೆ. ನಿದ್ದೆಯಲ್ಲಿ ಏನೋ ಬಂತು. ನಿದ್ದೆಯಲ್ಲಿ ಬಂದದ್ದು ನಿದ್ದೆಯಲ್ಲೇ ಹೋಗ್ಲಿ. ಆಮೇಲೆ ಇದರ ಸುದ್ದಿ ಯಾರೂ ಎತ್ತೂದು ಬ್ಯಾಡ. ಸರ್, ಶುರು ಮಾಡಿ."

ಅವಳು ಕೂತಳು. ಯಾಕೆ ಕೂತಳೆಂದು ಹೆಂಗಸರಿಗೆ ಆಶ್ಚರ್ಯವಾಯಿತು. ಲತಾ ಸಮಾಧಾನದ ಉಸಿರು ಬಿಟ್ಟದ್ದು ಕೇಳಿಸಿತು. ನನ್ನ ಬೆರಳು ನೋಡಿ, ಎಂದ ಸುಜಯ. ಅವಳು ನೋಡಿದಳು. ಉಸಿರು ಒಳಗೆ, ಉಸಿರು ಹೊರಗೆ. ಕಾಲು ಭಾರವಾಗುತ್ತಿದೆ. ಕೈ ಭಾರವಾಗುತ್ತಿದೆ. ಆ ದನಿ ಮಿತವಾಗಿತ್ತು, ಎಣ್ಣೆ ಸವರಿದ ಹಾಗಿತ್ತು. ಮತ್ತು ಅವಳು ಎಣಿಸಿರದ ಒಂದು ಸಂಗತಿ ನಡೆಯಿತು. ಕಾಲು ನಿಜವಾಗಿಯೂ ಭಾರವಾಯಿತು. ಇಷ್ಟು ದಿನದ ಪೇಟೆ, ಖಾಲಿ ಕಟ್ಟೆ, ಚಿಟಿಕೆಗಳು, ಅತ್ತೆಯ ಮಾತು, ಎಲ್ಲ ಒಂದೇ ಸಮನೆ ಮೈಯಿಂದ ಜಾರತೊಡಗಿದವು. ಎಷ್ಟು ಸುಲಭ. ಬೀರಾ ಕಾಲು ಜಾರಿ ಬಿದ್ದವನಾಗುತ್ತಾನೆ. ತೆರೆ ಬಡಿದಿರುತ್ತದೆ. ತಾನು ಮಾರಿದ್ದು ಬರೀ ಮೀನಾಗಿರುತ್ತದೆ. ರೆಪ್ಪೆ ಅದುರುತ್ತಿರುವುದು ಅವಳಿಗೇ ತಿಳಿಯಿತು, ತೆರೆ ಮುಟ್ಟಿದ ಮರಳಿನ ಹಾಗೆ. ಬಾಗಿಲು ತೆರೆದೇ ಇತ್ತು, ಒಳಗೆ ತಂಪಾಗಿತ್ತು, ಆ ತಂಪಿನ ಮೂಲೆಯಲ್ಲಿ ಅಭ್ಯಾಸಬಲದಿಂದ ಅವಳ ಬೆರಳು ಒಂದು ಕುಣಿಕೆಯನ್ನು ಹುಡುಕಿತು. ಮಂಜು. ಇನ್ನೂ ಮಂಜು. ಕುಣಿಕೆ ಇರಲಿಲ್ಲ.

"ಈಗ ನಾ ಮೂರು ಚಿಟಿಕೆ..." ಸುಜಯ ಹೇಳುತ್ತಿದ್ದ.

ಹೀರಾ ತನ್ನ ಬಲಗೈ ಎತ್ತಿದಳು. ಉಪ್ಪು, ಪೊರೆ, ಮಂಜು ತಿಂದು ಒರಟಾದ ಬೆರಳು. ಮೊದಲ ಸಲ ಸದ್ದೇ ಬರಲಿಲ್ಲ. ಯಾರೋ ಕಿಸಕ್ಕೆಂದರು. ಎರಡನೆಯದು ಒಣ ಕಡ್ಡಿಯಂತೆ ಕರಕರ ಎಂದಿತು. ಮೂರನೆಯದು ತಗಡಿನ ಮಾಡಿಗೆ ಹೊಡೆದು ಮರಳಿತು. ಅವಳು ಕಣ್ಣು ತೆರೆದು, ಕುರ್ಚಿಯನ್ನು ಸುಜಯನಿಂದ ತಿರುಗಿಸಿ, ಮಾಬ್ಲೇಶ್ವರನಿಗೆ ಎದುರಾಗಿ ಇಟ್ಟು, ಮತ್ತೆ ಕೂತಳು.

"ಭಾನುವಾರ ನಂಗೆ ಎಚ್ಚರ ಇತ್ತು," ಎಂದಳು. "ಹೆದರಿ ಕಣ್ಣು ಮುಚ್ಕೊಂಡಿದ್ದೆ. ಅದೊಂದೇ ನನ್ನ ತಪ್ಪು. ಈಗ ಮುಚ್ಚಿಲ್ಲ, ನೋಡು. ಬಲೆ ಯಾಕೆ ಕಡೀಲಿಲ್ಲ ಮಾಬ್ಲೇಶಾ?"

ಭಾವನನ್ನು ಹೆಸರು ಹಿಡಿದು ಕರೆದದ್ದಕ್ಕೆ ಗಂಡಸರ ಕಡೆ ಗದ್ದಲವೆದ್ದಿತು. ಮಾಬ್ಲೇಶ್ವರ ಕೈಯೆತ್ತಿ ಅದನ್ನು ತಡೆದು, ಸುಜಯನತ್ತ ತಿರುಗಿದ. "ಇವಳಿಗೆ ನಿದ್ದೆ ಬಿಟ್ಟಿಲ್ಲ. ಹೇಳಿ ಸರ್, ಇವಳು ಎಚ್ಚರ ಇದ್ದಾಳಾ?"

ಸುಜಯ ಕೋಟಿನ ತೋಳಿನೊಳಗೆ ಬೆರಳು ಎಳೆದುಕೊಂಡ. ಬಾಯಿ ತೆರೆದ.

"ನೀವು ಹೇಳೂದು ಬ್ಯಾಡ," ಹೀರಾ ಅವನ ಕಡೆ ನೋಡದೆ ಹೇಳಿದಳು. "ನಂಗೆ ಎಚ್ಚರ ಇರೂದಕ್ಕೆ ನಿಮ್ಮ ಸಾಕ್ಷಿ ಯಾಕೆ? ನಾ ಕೇಳೂದು ಬೋಟಿನಲ್ಲಿದ್ದವರನ್ನ. ಅವತ್ತು ಎಲ್ಲರೂ ಸಾರಿನ ಮೀನು ಕಟ್ಟಿದ್ರಿ. ನಿಮ್ಮ ನಿಮ್ಮ ಮನೇಲಿ ಅವತ್ತು ಸಾರು ಕುದ್ದಿದೆ. ಬೀರಾನ ಗೊಂಚಲು ಎಲ್ಲಿ?"

ನದಿಯ ಮೇಲಿಂದ ಒಂದು ಯಂತ್ರದೋಣಿ ಸದ್ದು ಮಾಡುತ್ತ ಹೋಯಿತು, ಅದರ ತೆರೆ ತಡವಾಗಿ ಬಂದು ದಂಡೆಯನ್ನು ಮುಟ್ಟಿತು. ಆಳುಗಳ ಸಾಲಿನಲ್ಲಿ ಸಂದೀಪ ಗಂಟಲು ಸರಿಮಾಡಿಕೊಂಡ. "ಕಾಲು ಜಾರ್ತು," ಎಂದ. "ತೆರೆ..." ಪಕ್ಕದವನನ್ನು ನೋಡಿದ. ಪಕ್ಕದವನು ನೆಲ ನೋಡುತ್ತಿದ್ದ. ಮಾತನ್ನು ಎತ್ತಿ ಮುಂದಕ್ಕೆ ಒಯ್ಯುವವರು ಯಾರೂ ಇರಲಿಲ್ಲ. ಅದು ಅಲ್ಲೇ, ಎಲ್ಲರ ನಡುವೆ, ಅರ್ಧಕ್ಕೇ ಬಿದ್ದಿತು. ಬಲೆಯ ಗುಡ್ಡದ ಮೇಲೆ ಕಾಶಿ ಅಲುಗಾಡಿದಳು. ದೇವಿ ಬರುವಳೇನೋ ಎಂದು ಹೆಂಗಸರು ಹಿಂದೆ ಸರಿದರು. ಯಾವ ದೇವಿಯೂ ಬರಲಿಲ್ಲ. ಮುದುಕಿ ತನ್ನ ಕೆಳಗಿನ ನೀಲಿ ನೂಲನ್ನು ಬೆರಳಿನಿಂದ ಮುಟ್ಟಿ ನೋಡಿದಳು; ಆಮೇಲೆ ಯಾರ ಆಸರೆಯೂ ಇಲ್ಲದೆ, ಬಿಸಿ ಕಾವಲಿಯ ಮೇಲಿಂದ ಏಳುವವಳ ಹಾಗೆ, ಆ ಬಲೆಯ ಮೇಲಿಂದ ಎದ್ದು ನಿಂತಳು.

"ಹೇಳು ಮಗಾ," ಎಂದಳು ತನ್ನದೇ ದನಿಯಲ್ಲಿ. "ಗೊಂಚಲು ಎಲ್ಲಿ?"

ಮಾಬ್ಲೇಶ್ವರ ತಾಯಿಯನ್ನು ನೋಡಿದ, ಹೀರಾಳನ್ನು ನೋಡಿದ. ಅವಳು ರೆಪ್ಪೆ ಬಡಿಯಲಿಲ್ಲ. ಬೆವರು ಇಳಿದು ಕಣ್ಣು ಉರಿಯುತ್ತಿದ್ದರೂ ಬಡಿಯಲಿಲ್ಲ. ಅವನ ಬಾಯಿ ಒಮ್ಮೆ ತೆರೆಯಿತು, ಮುಚ್ಚಿತು; ಆಮೇಲೆ, ಎಲ್ಲರೂ ಕಾಣುವಂತೆ, ಅವನು ಕಣ್ಣು ಮುಚ್ಚಿಕೊಂಡ.

ಎಲ್ಲರೂ ಕಾದರು. ಯಾರೂ ಚಿಟಿಕೆ ಹೊಡೆಯಲಿಲ್ಲ.